ಕಡಲ ತುರಚಿಯ ಕಥೆ

ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ನಡೆದಾಡಿದವರು, ನೀರು ಹಿಂದೆ ಸರಿದ ಮರಳಿನ ಮೇಲೆ ಗಾಜಿನ ತಟ್ಟೆಯಂತೆ ಬಿದ್ದಿರುವ ಲೋಳೆಯ ಮುದ್ದೆಯೊಂದನ್ನು ಎಂದಾದರೂ ಕಂಡೇ ಇರುತ್ತಾರೆ. ಕೋಲಿನಿಂದ ತಿವಿದರೆ ಅದು ನಡುಗುತ್ತದೆ. ಬಿಸಿಲೇರಿದಂತೆ ಕರಗುತ್ತ ಹೋಗಿ, ಕೊನೆಗೆ ತೆಳ್ಳನೆಯ ಪೊರೆಯಷ್ಟೇ ಉಳಿಯುತ್ತದೆ. ಬಲೆಗೆ ಬಂದರೆ ಮೀನುಗಾರರು ಶಪಿಸಿ ಹೊರಕ್ಕೆಸೆಯುತ್ತಾರೆ. ನಮ್ಮ ಪುಸ್ತಕಗಳು ಇದನ್ನು ಅಂಬಲಿಮೀನು ಎಂದೂ ಲೋಳೆಮೀನು ಎಂದೂ ಕರೆಯುತ್ತವೆ. ಅಂಬಲಿ ಎಂಬ ಮಾತು ಒಪ್ಪುವಂಥದೇ. ಮೀನು ಎಂಬ ಮಾತು ಮಾತ್ರ ಒಪ್ಪುವುದಿಲ್ಲ. ಮೀನಿಗೆ ಬೆನ್ನೆಲುಬಿದೆ, ರಕ್ತವಿದೆ, ಮಿದುಳಿದೆ. ಇದಕ್ಕೆ ಆ ಮೂರೂ ಇಲ್ಲ, ಹೃದಯವೂ ಇಲ್ಲ. ಉಣ್ಣುವ ಬಾಯಿಯೂ ಉಂಡದ್ದರ ಕಸವನ್ನು ಹೊರಹಾಕುವ ದಾರಿಯೂ ಒಂದೇ. ಮೈಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಇಷ್ಟು ಬಡ ಸಂಸಾರವನ್ನು ಕಟ್ಟಿಕೊಂಡು ಈ ಜೀವಿಯ ವಂಶ ಐವತ್ತು ಕೋಟಿ ವರ್ಷಗಳಿಗೂ ಹಿಂದಿನಿಂದ ಕಡಲಲ್ಲಿ ಬಾಳುತ್ತ ಬಂದಿದೆ. ಮೀನುಗಳ ವಂಶ ತಲೆಯೆತ್ತಿ ಕಡಲನ್ನು ತುಂಬಿದ್ದು ಆಮೇಲೆ. ಮನುಷ್ಯನ ಮಾತನ್ನಂತೂ ಆಡುವಂತೆಯೇ ಇಲ್ಲ.

ಈ ಪ್ರಾಣಿಯ ಪರಿಚಯ ಮನುಷ್ಯನಿಗೆ ಹೇಗಾಯಿತು, ಆ ಪರಿಚಯಕ್ಕೆ ಆತ ಎಷ್ಟು ಬೆಲೆ ತೆತ್ತ, ಕೊನೆಗೆ ಪಡೆದುದೇನು ಎಂಬ ಕಥೆ ಸ್ವಾರಸ್ಯವಾದದ್ದು. ಇಲ್ಲಿ ಹೇಳಹೊರಟಿರುವುದು ಅದನ್ನೇ.

ಗ್ರೀಕರು ಕಡಲಿನ ಜನ. ಅವರ ಪಂಡಿತ ಅರಿಸ್ಟಾಟಲನು ಮೈಗೆ ತಾಗಿದರೆ ಉರಿಯೆಬ್ಬಿಸುವ ಕಡಲ ಜೀವಿಗಳಿಗೆ ಬಳಸಿದ ಹೆಸರಿನ ಅರ್ಥ ತುರಚಿ ಎಂದು. ಮಲೆನಾಡಿನ ಬೇಲಿಯ ಬದಿಯಲ್ಲಿ ತುರಚಿ ಸೊಪ್ಪನ್ನು ಮುಟ್ಟಿದ ಹುಡುಗರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಮಿನ ಪ್ಲಿನಿ ಇನ್ನೊಂದು ಹೆಸರನ್ನು ಬಳಸಿದ್ದಾನೆ: ಕಡಲ ಶ್ವಾಸಕೋಶ. ನೀರಿನಲ್ಲಿ ಇದು ಕೊಡೆ ಬಿಚ್ಚಿ ಮುಚ್ಚಿದಂತೆ ಹಿಗ್ಗಿ ಕುಗ್ಗುತ್ತ ಸಾಗುವುದನ್ನು ನೋಡಿದವರಿಗೆ ಉಸಿರಾಟ ನೆನಪಾದದ್ದು ಸಹಜವೇ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಈ ಪ್ಲಿನಿ ತನ್ನ ಬೃಹದ್ಗ್ರಂಥದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸದೆ ತುಂಬಿದವನು. ಅವನ ಮಾತನ್ನೆಲ್ಲ ನಂಬಿದರೆ ನಾವು ಕೆಟ್ಟೆವು. ಆದರೆ ಒಂದು ಕಡೆ ಆತ, ಕಡಲ ಶ್ವಾಸಕೋಶವನ್ನು ಕೋಲಿಗೆ ಉಜ್ಜಿದರೆ ಕೋಲು ಕತ್ತಲೆಯಲ್ಲಿ ಪಂಜಿನಂತೆ ಬೆಳಗಿ ದಾರಿ ತೋರಿಸುತ್ತದೆ ಎಂದು ಬರೆದಿದ್ದಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹತ್ತೊಂಬತ್ತು ಶತಮಾನಗಳ ತರುವಾಯ ಇದು ಮತ್ತೆ ಮೇಲೆ ಬರುತ್ತದೆ.

ಅಲ್ಲಿಂದ ಮುಂದೆ ಬಹುಕಾಲ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಪ್ರಾಣಿಗಳನ್ನೆಲ್ಲ ಹೆಸರಿಟ್ಟು ಸಾಲುಗೂಡಿಸಿದಾಗ ಇದಕ್ಕೆ ಮೆಡೂಸಾ ಎಂಬ ಹೆಸರನ್ನು ಕೊಟ್ಟನು. ಮೆಡೂಸಾ ಗ್ರೀಕ್ ಪುರಾಣದ ಒಬ್ಬ ರಾಕ್ಷಸಿ. ಅವಳ ತಲೆಯಲ್ಲಿ ಕೂದಲಿಗೆ ಬದಲು ಹಾವುಗಳು. ಕೊಡೆಯ ಅಂಚಿನಿಂದ ಇಳಿಬಿದ್ದ ಎಳೆಗಳನ್ನು ಕಂಡು ಇಟ್ಟ ಹೆಸರು. ಹೆಸರೇನೋ ಚೆನ್ನಾಗಿಯೇ ಇತ್ತು. ಆದರೆ ಇದು ಪ್ರಾಣಿಯೋ ಸಸ್ಯವೋ ಎಂಬ ಸಂದೇಹ ಪೂರ್ತಿಯಾಗಿ ಹರಿದಿರಲಿಲ್ಲ. ಹವಳ, ಕಡಲಹೂವು, ಅಂಬಲಿಮೀನು ಮುಂತಾದವನ್ನೆಲ್ಲ ಪ್ರಾಣಿಸಸ್ಯಗಳೆಂಬ ಒಂದು ನಡುಮನೆಯಲ್ಲಿ ಕೂರಿಸುವುದು ಆಗಿನ ರೂಢಿ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ಬೇಸಗೆಯಲ್ಲಿ ಲಕ್ಷಗಟ್ಟಲೆಯಾಗಿ ಬಂದು ಕೊಲ್ಲಿಯನ್ನು ತುಂಬುವ ಇವು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ? ಮುಂದಿನ ವರ್ಷ ಎಲ್ಲಿಂದ ಬರುತ್ತವೆ?

ಉತ್ತರ ಬಂದದ್ದು ಯಾವ ರಾಜಧಾನಿಯಿಂದಲೂ ಅಲ್ಲ. ನಾರ್ವೆ ದೇಶದ ಬರ್ಗೆನ್ ಪಟ್ಟಣದ ಆಸುಪಾಸಿನ ಒಂದು ಕಡಲತೀರದ ಇಗರ್ಜಿಯಿಂದ. ಮೈಕೇಲ್ ಸಾರ್ಸ್ ಎಂಬ ಪಾದ್ರಿ ಅಲ್ಲಿದ್ದನು. 1805ರಲ್ಲಿ ಹುಟ್ಟಿದವನು. ಭಾನುವಾರದ ಉಪದೇಶ, ಮದುವೆ, ಮಣ್ಣು ಮುಗಿದ ಮೇಲೆ ದೋಣಿಯೇರಿ ಕಡಲ ತಳವನ್ನು ಕೆದಕಿ ತರುವುದು ಆತನ ವ್ಯಸನ. 1829ರಲ್ಲಿ ಆತ ಎರಡು ಹೊಸ ಜೀವಿಗಳನ್ನು ವರ್ಣಿಸಿ ಪ್ರಕಟಿಸಿದನು. ಒಂದು, ಬಂಡೆಗೆ ಅಂಟಿಕೊಂಡು ಮೇಲಕ್ಕೆ ಬೆರಳುಗಳನ್ನು ಚಾಚಿದ, ಹೂಜಿಯಾಕಾರದ ಪುಟ್ಟ ಪ್ರಾಣಿ. ಇನ್ನೊಂದು ಅದಕ್ಕಿಂತ ವಿಚಿತ್ರ: ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಅಡಕಲಿನಂತೆ ಇರುವುದು. ಇಡ್ಲಿ ಪಾತ್ರೆಯೊಳಗಿನ ತಟ್ಟೆಗಳನ್ನು ಹೊರತೆಗೆದು ನಿಲ್ಲಿಸಿದರೆ ಹೇಗೋ ಹಾಗೆ. ಎರಡಕ್ಕೂ ಬೇರೆ ಬೇರೆ ಹೆಸರನ್ನೇ ಇಟ್ಟನು.

ಆದರೆ ಆತ ಅಷ್ಟಕ್ಕೆ ಬಿಡಲಿಲ್ಲ. ವರ್ಷ ವರ್ಷವೂ ನೋಡುತ್ತ ಹೋದಂತೆ, ಹೂಜಿಯ ಮೈಯಲ್ಲಿ ಅಡ್ಡಗೆರೆಗಳು ಮೂಡಿ ಅದೇ ಅಡಕಲಾಗುವುದನ್ನು ಕಂಡನು. ಅಡಕಲಿನ ಮೇಲಿನ ತಟ್ಟೆ ಕಳಚಿಕೊಂಡು, ಮಿಡುಕಿ, ಈಜಿಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಈಜಿಹೋದ ಆ ತಟ್ಟೆಗಳು ಎಳೆಯ ಅಂಬಲಿಮೀನುಗಳು! ದೊಡ್ಡ ಅಂಬಲಿಮೀನಿನ ಮೊಟ್ಟೆಯಿಂದ ಹೊರಬಂದ ಮರಿ ಮತ್ತೆ ಅಂಬಲಿಮೀನಾಗದೆ, ತಳಕ್ಕಿಳಿದು ಬಂಡೆಗೆ ಅಂಟಿ ಹೂಜಿಯಾಗುತ್ತದೆ ಎಂಬುದೂ ಗೊತ್ತಾಯಿತು. 1841ರ ಹೊತ್ತಿಗೆ ಸಾರ್ಸ್ ಈ ವೃತ್ತವನ್ನು ಪೂರ್ತಿಮಾಡಿ ಲೋಕದ ಮುಂದಿಟ್ಟನು. ಹೆಸರು ಮೂರು, ಪ್ರಾಣಿ ಒಂದೇ. ಮಗ ತಂದೆಯಂತಿರದೆ ಅಜ್ಜನಂತಿರುವ ಸಂಸಾರ ಇದು. ಇದೇ ಬಗೆಯ ತಲೆಮಾರಿನ ಅದಲುಬದಲನ್ನು ಬೇರೊಂದು ಕಡಲ ಜೀವಿಯಲ್ಲಿ ಜರ್ಮನಿಯ ಕವಿ ಶಾಮಿಸೊ 1819ರಲ್ಲಿಯೇ ಹೇಳಿದಾಗ ಪಂಡಿತರು ಸುಲಭವಾಗಿ ನಂಬಿರಲಿಲ್ಲ. ಕವಿ ಹೇಳಿದ್ದನ್ನು ಪಾದ್ರಿ ಸ್ಥಿರಪಡಿಸಬೇಕಾಯಿತು ಎನ್ನಬಹುದು. 1842ರಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರೂಪ್ ಇವೆಲ್ಲವನ್ನೂ ಕೂಡಿಸಿ ಒಂದು ಸಿದ್ಧಾಂತವನ್ನೇ ಬರೆದನು.

ಈ ಹೂಜಿ ಎಷ್ಟು ಕಾಲವಾದರೂ ಕಾಯಬಲ್ಲುದು. ಚಳಿ, ಹಸಿವು ಯಾವುದಕ್ಕೂ ಜಗ್ಗದೆ ಕುಳಿತು, ಕಾಲ ಕೂಡಿಬಂದಾಗ ತಟ್ಟೆಗಳನ್ನು ಹರಿಯಬಿಡುತ್ತದೆ. ಅಂಬಲಿಮೀನಿನ ದಂಡು ಒಮ್ಮೆಲೇ ಆಕಾಶದಿಂದ ಉದುರಿದಂತೆ ಬರುವುದರ ಗುಟ್ಟು ಇಲ್ಲಿದೆ. ಟುರಿಟಾಪ್ಸಿಸ್ ಎಂಬ ಉಗುರಿನಷ್ಟು ಚಿಕ್ಕ ಜಾತಿಯೊಂದಿದೆ; ಅದರ ವಿಚಾರ ಇನ್ನೂ ಸೋಜಿಗದ್ದು. ಗಾಯವಾದರೆ, ಹಸಿದರೆ, ಮುಪ್ಪಡಸಿದರೆ ಅದು ಸಾಯುವ ಬದಲು ಕುಗ್ಗಿ ಮತ್ತೆ ಹೂಜಿಯಾಗಿ ಬಾಳನ್ನು ಮೊದಲಿನಿಂದ ತೊಡಗಬಲ್ಲುದೆಂದು 1990ರ ದಶಕದಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿದರು. ಪತ್ರಿಕೆಗಳು ಇದನ್ನು ಚಿರಂಜೀವಿ ಎಂದು ಕರೆದವು. ಯಯಾತಿ ಮಗನಿಂದ ಕಡ ತಂದ ಯೌವನವನ್ನು ಇದು ತನ್ನ ಮೈಯಿಂದಲೇ ತೆಗೆದುಕೊಳ್ಳುತ್ತದೆ. ಆದರೆ ಮೀನಿನ ಬಾಯಿಗೆ ಬಿದ್ದರೆ ಚಿರಂಜೀವಿಗೂ ಉಳಿಗಾಲವಿಲ್ಲ.

ಇನ್ನು ತುರಚಿಯ ಉರಿಯ ವಿಚಾರ. ಅಂಬಲಿಮೀನಿನ ಎಳೆಗಳ ಮೇಲೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಲಕ್ಷಾಂತರ ಕುಟುಕುಚೀಲಗಳಿವೆ. ಒಂದೊಂದರೊಳಗೂ ಒಂದು ಟೊಳ್ಳು ದಾರ ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ. ಏನಾದರೂ ತಾಗಿದರೆ ಚೀಲದ ಮುಚ್ಚಳ ಹಾರಿ, ದಾರ ಬಾಣದಂತೆ ಚಿಮ್ಮಿ, ಚರ್ಮವನ್ನು ಚುಚ್ಚಿ ನಂಜನ್ನು ಸುರಿಯುತ್ತದೆ. ಚಿಮ್ಮುವುದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಪ್ರಾಣಿಲೋಕದಲ್ಲಿ ಇದಕ್ಕಿಂತ ಚುರುಕಾದ ಚಲನೆಗಳು ವಿರಳ. ಪ್ರಾಣಿ ಸತ್ತು ಮರಳಿನ ಮೇಲೆ ಬಿದ್ದಿದ್ದರೂ ಚೀಲಗಳು ಸತ್ತಿರುವುದಿಲ್ಲ. ಆದ್ದರಿಂದ ದಡದಲ್ಲಿ ಬಿದ್ದ ಲೋಳೆಯನ್ನು ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ನೋಡಿಕೊಳ್ಳುವುದು ಲೇಸು.

ಈ ನಂಜು ವೈದ್ಯಶಾಸ್ತ್ರಕ್ಕೆ ಒಂದು ದೊಡ್ಡ ಪಾಠವನ್ನು ಕಲಿಸಿತು. 1901ರ ಬೇಸಗೆಯಲ್ಲಿ ಮೊನಾಕೊ ಸಂಸ್ಥಾನದ ರಾಜ ಮೊದಲನೆಯ ಆಲ್ಬರ್ಟನು ತನ್ನ ವಿಹಾರನೌಕೆಯಲ್ಲಿ ಪೋರ್ತಿಯೇ ಮತ್ತು ರಿಶೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳನ್ನು ಕರೆದೊಯ್ದು, ಫೈಸಾಲಿಯಾ ಎಂಬ ನೀಲಿ ಚೀಲದಂಥ ಜೀವಿಯ ನಂಜನ್ನು ಪರೀಕ್ಷಿಸುವಂತೆ ಹೇಳಿದನು. ಫೈಸಾಲಿಯಾ ನಿಜವಾದ ಅಂಬಲಿಮೀನಲ್ಲ, ಅದರ ದಾಯಾದಿ. ಪ್ಯಾರಿಸಿಗೆ ಮರಳಿದ ಮೇಲೆ ಅವರು ಇನ್ನೊಂದು ದಾಯಾದಿಯಾದ ಕಡಲಹೂವಿನ ನಂಜನ್ನು ತೆಗೆದು ನಾಯಿಗಳಿಗೆ ಚುಚ್ಚಿದರು. ಸ್ವಲ್ಪ ನಂಜನ್ನು ಕೊಟ್ಟು ರೂಢಿ ಮಾಡಿಸಿದರೆ ನಾಯಿ ಮುಂದೆ ಹೆಚ್ಚು ನಂಜನ್ನು ತಾಳೀತೆಂಬುದು ಅವರ ಲೆಕ್ಕ. ಆದದ್ದು ತದ್ವಿರುದ್ಧ. ಮೊದಲ ಸಲ ಚೇತರಿಸಿಕೊಂಡು ಆರೋಗ್ಯವಾಗಿದ್ದ ನಾಯಿ, ಕೆಲವು ವಾರಗಳ ನಂತರ ಬಹಳ ಕಡಿಮೆ ನಂಜು ಸೋಕಿದರೂ ನಿಮಿಷಗಳಲ್ಲಿ ಸತ್ತಿತು. ರಕ್ಷಿಸಬೇಕಾದ ದೇಹಶಕ್ತಿಯೇ ತಿರುಗಿಬಿದ್ದು ಕೊಲ್ಲಬಲ್ಲುದೆಂಬ ಈ ಸತ್ಯಕ್ಕೆ 1902ರಲ್ಲಿ ಅವರು ಅನಾಫಿಲಾಕ್ಸಿಸ್ ಎಂಬ ಹೆಸರನ್ನಿಟ್ಟರು. ಪೆನ್ಸಿಲಿನ್ ಸೂಜಿ ಚುಚ್ಚುವ ಮುನ್ನ ವೈದ್ಯರು ಹಿಂದೆ ಇದು ಒಗ್ಗದೆ ಹೋಗಿತ್ತೇ ಎಂದು ಕೇಳುವುದು ಈ ತಿಳಿವಳಿಕೆಯಿಂದಲೇ. ರಿಶೆಗೆ 1913ರ ನೊಬೆಲ್ ಪಾರಿತೋಷಕ ಬಂತು.

ನಾಯಿಗಳ ಕಥೆ ಅಲ್ಲಿಗೆ ಮುಗಿಯಿತು. ಮಕ್ಕಳ ಕಥೆ ಆಸ್ಟ್ರೇಲಿಯಾದ್ದು.

ಆ ಖಂಡದ ಈಶಾನ್ಯಕ್ಕೆ ಕ್ವೀನ್ಸ್‌ಲೆಂಡ್ ಪ್ರಾಂತವಿದೆ. ಬೆಚ್ಚನೆಯ ಕಡಲು, ತೆಂಗಿನ ತೋಪು, ಚೊಕ್ಕ ಮರಳು. ಅಲ್ಲಿ ಮಳೆಯ ತಿಂಗಳುಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಕಿರಿಚಿಕೊಂಡು, ದಡಕ್ಕೆ ಓಡಿಬಂದು, ಕೆಲವೇ ನಿಮಿಷಗಳಲ್ಲಿ ಪ್ರಾಣಬಿಡುತ್ತಿದ್ದರು. ಮೈಮೇಲೆ ಚಾಟಿಯಿಂದ ಹೊಡೆದಂಥ ಬರೆಗಳು. ಕೊಂದದ್ದು ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ಕಣ್ಣಿಗೆ ಕಾಣುವ ನೀಲಿ ಫೈಸಾಲಿಯಾದ ಮೇಲೆ ಅಪವಾದ ಹೊರಿಸುವವರೇ ಹೆಚ್ಚು. ಕೇರ್ನ್ಸ್ ಪಟ್ಟಣದ ಎಕ್ಸ್‌ರೇ ವೈದ್ಯ ಹ್ಯೂಗೊ ಫ್ಲೆಕರ್ ಇದನ್ನು ಒಪ್ಪಲಿಲ್ಲ. ಗಿಡಗಂಟೆ, ಹಾವು, ಶಂಖ, ಹುಳು ಎಲ್ಲದರಲ್ಲಿಯೂ ಆಸಕ್ತಿಯಿದ್ದ ಆತ ಸುತ್ತಲಿನ ವೈದ್ಯರಿಂದ ಇಂಥ ಪ್ರಕರಣಗಳ ವಿವರಗಳನ್ನು ಕೂಡಿಹಾಕುತ್ತಿದ್ದನು. ಅವುಗಳನ್ನು ಬಿಡಿಸಿ ನೋಡಿದಾಗ ಅಲ್ಲಿ ಎರಡು ಬಗೆಯ ಕುಟುಕು ಇರುವುದು ಅವನಿಗೆ ಕಾಣಿಸಿತು. ಒಂದು, ಚಾಟಿಬರೆ ಎಬ್ಬಿಸಿ ಕೂಡಲೇ ಕೊಲ್ಲುವುದು. ಇನ್ನೊಂದು, ತಾಗಿದ ಗುರುತೇ ಹೆಚ್ಚಾಗಿ ಕಾಣದೆ, ಅರ್ಧ ಗಂಟೆಯ ಮೇಲೆ ಬೆನ್ನು ಸೊಂಟಗಳಲ್ಲಿ ತಡೆಯಲಾರದ ನೋವು, ವಾಂತಿ, ಬೆವರು, ಸಾವೇ ಬಂತೆಂಬ ಹೆದರಿಕೆ ತರುವುದು. ಈ ಎರಡನೆಯದಕ್ಕೆ 1952ರಲ್ಲಿ ಆತ ಇರುಕಾಂಜಿ ಎಂಬ ಹೆಸರನ್ನು ಕೊಟ್ಟನು. ಆ ತೀರದ ಮೂಲನಿವಾಸಿ ಜನರ ಹೆಸರು ಅದು.

1955ರ ಜನವರಿ 20ರಂದು ಕಾರ್ಡ್‌ವೆಲ್ ಎಂಬ ಊರಿನ ತೀರದಲ್ಲಿ ಐದು ವರ್ಷದ ಹುಡುಗನೊಬ್ಬ ಹೀಗೆಯೇ ಸತ್ತನು. ಆ ಜಾಗದ ಸುತ್ತ ಬಲೆಯೆಳೆದು ಸಿಕ್ಕಿದ್ದನ್ನೆಲ್ಲ ಹಿಡಿಯಬೇಕೆಂದು ಫ್ಲೆಕರ್ ಪೊಲೀಸರಿಗೆ ಹೇಳಿದನು. ಪೊಲೀಸರು ಬಲೆಯೆಳೆದರು. ಅಪರಾಧಿಯನ್ನು ಹುಡುಕುತ್ತ ಪೊಲೀಸರು ಕಡಲಿಗಿಳಿದ ಪ್ರಸಂಗಗಳು ಹೆಚ್ಚಿರಲಾರವು. ಬಲೆಯಲ್ಲಿ ಬಂದವುಗಳ ಪೈಕಿ ಒಂದನ್ನು ಯಾರೂ ಗುರುತಿಸಲಿಲ್ಲ: ನಾಲ್ಕು ಮೂಲೆಗಳುಳ್ಳ ಡಬ್ಬಿಯಾಕಾರದ, ಪಾರದರ್ಶಕವಾದ ಒಂದು ಅಂಬಲಿಮೀನು. ಫ್ಲೆಕರ್ ಅದನ್ನು ಅಡಿಲೇಡಿನಲ್ಲಿದ್ದ ರೊನಾಲ್ಡ್ ಸೌತ್‌ಕಾಟ್ ಎಂಬ ವೈದ್ಯ ವಿಜ್ಞಾನಿಗೆ ಕಳಿಸಿಕೊಟ್ಟನು. ಆ ವರ್ಷ ಮುಗಿಯುವುದರೊಳಗೆ ಸೌತ್‌ಕಾಟ್ ಅದನ್ನು ಹೊಸ ಜಾತಿಯೆಂದು ವರ್ಣಿಸಿ ಕೈರೊನೆಕ್ಸ್ ಫ್ಲೆಕೆರಿ ಎಂದು ಹೆಸರಿಟ್ಟನು. ಮೊದಲ ಪದದ ಅರ್ಥ ಕೊಲ್ಲುವ ಕೈ ಎಂದು. ಎರಡನೆಯದು ಫ್ಲೆಕರನ ಗೌರವಕ್ಕೆ. ಫ್ಲೆಕರ್ 1957ರಲ್ಲಿ ತೀರಿಕೊಂಡನು.

ಈ ಡಬ್ಬಿ ಅಂಬಲಿಮೀನಿಗೆ ಅರುವತ್ತರವರೆಗೆ ಎಳೆಗಳು, ಒಂದೊಂದೂ ಹತ್ತಡಿಯವರೆಗೆ ಉದ್ದ. ಇತರ ಬಂಧುಗಳಂತೆ ನೀರು ಒಯ್ದಲ್ಲಿಗೆ ಹೋಗುವ ಜೀವಿಯಲ್ಲ ಇದು, ಗುರಿಯಿಟ್ಟು ಈಜುತ್ತದೆ. ಮಿದುಳಿಲ್ಲ, ಆದರೆ ಕಣ್ಣು ಇಪ್ಪತ್ನಾಲ್ಕು! ಅವುಗಳಲ್ಲಿ ಕೆಲವಕ್ಕೆ ನಮ್ಮ ಕಣ್ಣಿನಂತೆ ಮಸೂರವೂ ಉಂಟು. ಕಂಡದ್ದನ್ನು ಯಾವ ಮಿದುಳಿನಿಂದ ಅರಿತುಕೊಳ್ಳುತ್ತದೆಂದು ಕೇಳಿದರೆ, ಕಣ್ಣಿನ ಬುಡದ ನರಗಳ ಗಂಟುಗಳೇ ಆ ಕೆಲಸವನ್ನು ಹಂಚಿಕೊಂಡಿವೆ ಎನ್ನಬೇಕು.

ಒಂದು ಕೊಲೆಗಾರ ಸಿಕ್ಕಿತು. ಇರುಕಾಂಜಿಯ ಕಾರಣ ಮಾತ್ರ ಸಿಕ್ಕಿರಲಿಲ್ಲ. ಅದೇ ಕೇರ್ನ್ಸ್ ಪಟ್ಟಣದ ಇನ್ನೊಬ್ಬ ವೈದ್ಯ ಜ್ಯಾಕ್ ಬಾರ್ನ್ಸ್ ಗಂಟೆಗಟ್ಟಲೆ ಕಡಲ ತಳದಲ್ಲಿ ಮಲಗಿ ನೀರನ್ನು ದಿಟ್ಟಿಸುತ್ತಿದ್ದನಂತೆ. 1961ರಲ್ಲಿ ಆತನ ಕೈಗೆ ಹೆಬ್ಬೆರಳಿನ ತುದಿಯಷ್ಟು ಪುಟ್ಟ, ನೀರಿನಲ್ಲಿ ಕಣ್ಣಿಗೆ ಬೀಳದಂಥ ಡಬ್ಬಿ ಅಂಬಲಿಮೀನೊಂದು ಸಿಕ್ಕಿತು. ಇದೇ ಅಪರಾಧಿ ಎಂದು ಸಾಧಿಸುವುದು ಹೇಗೆ? ಬಾರ್ನ್ಸ್ ಅದನ್ನು ತನ್ನ ಮೈಗೆ ಕುಟುಕಿಸಿಕೊಂಡನು. ಒಂಬತ್ತು ವರ್ಷದ ತನ್ನ ಮಗನಿಗೂ, ತೀರದ ಜೀವರಕ್ಷಕನಾದ ಒಬ್ಬ ಯುವಕನಿಗೂ ಕುಟುಕಿಸಿದನು. ಅರ್ಧ ಗಂಟೆಯಲ್ಲಿ ಮೂವರೂ ನೋವಿನಿಂದ ಮುರುಟಿಕೊಂಡು ಬಿದ್ದರು; ಮೂವರನ್ನೂ ಆಸ್ಪತ್ರೆಗೆ ಒಯ್ಯಬೇಕಾಯಿತು. ಪುಣ್ಯವಶಾತ್ ಮೂವರೂ ಉಳಿದರು. ತನ್ನ ಮೈಯನ್ನು ಒಡ್ಡಿದ್ದನ್ನು ಧೈರ್ಯವೆನ್ನೋಣ. ಮಗುವನ್ನು ಒಡ್ಡಿದ್ದನ್ನು ಏನೆನ್ನಬೇಕೋ ತಿಳಿಯದು. ಇಂದಿನ ಯಾವ ವೈದ್ಯಮಂಡಲಿಯೂ ಇದಕ್ಕೆ ಸಮ್ಮತಿ ಕೊಡಲಾರದು. 1964ರಲ್ಲಿ ಬಾರ್ನ್ಸ್ ಇದನ್ನು ವರದಿಮಾಡಿದನು. 1967ರಲ್ಲಿ ಸೌತ್‌ಕಾಟ್ ಆ ಪ್ರಾಣಿಗೆ ಕರೂಕಿಯಾ ಬಾರ್ನೆಸಿ ಎಂದು ಹೆಸರಿಟ್ಟನು.

ಕೊಲೆಗಾರರು ಸಿಕ್ಕ ಮೇಲೆ ರಕ್ಷಣೆಯ ದಾರಿ ಹುಡುಕಬಹುದಾಯಿತು. 1970ರಲ್ಲಿ ಕುರಿಗಳ ರಕ್ತದಿಂದ ತಯಾರಿಸಿದ ಪ್ರತಿವಿಷ ಬಂತು. ಪ್ರಥಮ ಚಿಕಿತ್ಸೆಯ ವಿಚಾರದಲ್ಲಿ ಒಂದು ಪಾಠ ಕಲಿಯಬೇಕಾಗಿತ್ತು. ಅದುವರೆಗೂ ಕುಟುಕಿದ ಕಡೆ ಸ್ಪಿರಿಟ್ ಸುರಿಯುವುದು ವಾಡಿಕೆ. 1980ರಲ್ಲಿ ಹಾರ್ಟ್‌ವಿಕ್ ಮತ್ತು ಸಂಗಡಿಗರು, ಸ್ಪಿರಿಟ್ ತಗುಲಿದರೆ ಚರ್ಮಕ್ಕೆ ಅಂಟಿಕೊಂಡ ಉಳಿದ ಚೀಲಗಳೂ ಸಿಡಿಯುತ್ತವೆ, ಅಡಿಗೆಯ ವಿನೆಗರ್ ಸುರಿದರೆ ಅವು ಸಿಡಿಯದೆ ಸುಮ್ಮನಾಗುತ್ತವೆ ಎಂದು ತೋರಿಸಿಕೊಟ್ಟರು. ಅಂದಿನಿಂದ ಆ ತೀರದುದ್ದಕ್ಕೂ ಕಂಬಗಳಲ್ಲಿ ವಿನೆಗರ್ ಸೀಸೆಗಳನ್ನು ಇಟ್ಟಿರುತ್ತಾರೆ. ಆಸ್ಟ್ರೇಲಿಯಾದ ಜೀವರಕ್ಷಕರು ಕಂಡುಕೊಂಡ ಇನ್ನೊಂದು ಉಪಾಯ ನಗೆ ತರಿಸುವಂಥದು. ಹೆಂಗಸರು ತೊಡುವ ತೆಳ್ಳನೆಯ ಉದ್ದ ಕಾಲುಚೀಲವನ್ನು ಮೈಕೈಗೆಲ್ಲ ಏರಿಸಿಕೊಂಡು ನೀರಿಗಿಳಿಯುವುದು! ಅಷ್ಟು ತೆಳ್ಳನೆಯ ಬಟ್ಟೆಯೂ ಕುಟುಕನ್ನು ತಡೆಯುತ್ತದೆ. ಮುಂದೆ ಹಾರ್ಟ್‌ವಿಕ್ ಕೈರೊನೆಕ್ಸಿನ ಹೂಜಿಗಳನ್ನು ಅಳಿವೆಯ ಕಾಂಡ್ಲಾ ಕಾಡಿನ ನಡುವೆ, ಕಲ್ಲುಗಳ ಅಡಿಮಗ್ಗುಲಲ್ಲಿ ಪತ್ತೆಮಾಡಿದನು. ಮಳೆಗಾಲಕ್ಕೆ ತೊಡಗಿ ಕಡಲಿಗಿಳಿಯುವ ಮರಿಗಳ ತೌರು ಗೊತ್ತಾಯಿತು. ನಾರ್ವೆಯ ಪಾದ್ರಿ ಕಂಡ ಹೂಜಿ ಇಲ್ಲಿ ಪ್ರಾಣ ಉಳಿಸುವ ಸುಳಿವಾಯಿತು.

ಇಷ್ಟೆಲ್ಲ ಭಯದ ಮಾತಾದ ಮೇಲೆ ಊಟದ ಮಾತನ್ನೂ ಆಡಬಹುದು. ಚೀನದವರು ಅಂಬಲಿಮೀನನ್ನು ಸಾವಿರ ವರ್ಷಗಳಿಗೂ ಮಿಕ್ಕಿ ತಿನ್ನುತ್ತ ಬಂದಿದ್ದಾರೆ. ಉಪ್ಪು ಮತ್ತು ಪಟಿಕವನ್ನು ಹಾಕಿ, ನೀರಿಳಿಸಿ, ಕೊಡೆಯನ್ನು ಹಪ್ಪಳದಂತೆ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಬೇಕಾದಾಗ ನೆನೆಸಿ ಎಳೆಯೆಳೆಯಾಗಿ ಹೆಚ್ಚುತ್ತಾರೆ. ರುಚಿಗಿಂತ ಹಲ್ಲಿಗೆ ಸಿಗುವ ಕರುಕುರು ಸದ್ದೇ ಅದರ ಹಿರಿಮೆಯಂತೆ. ಭಾರತದ ತೀರಗಳಿಂದಲೂ ಹೀಗೆ ಹದಮಾಡಿದ ಸರಕು ಪೂರ್ವದೇಶಗಳಿಗೆ ಹಡಗೇರುವುದುಂಟು. ನಮ್ಮವರು ಮಾತ್ರ ಇದನ್ನು ತಟ್ಟೆಗೆ ಬಡಿಸಿಕೊಂಡಿಲ್ಲ. ಕಡಲಿನಲ್ಲಿ ಇದನ್ನು ಇಷ್ಟಪಟ್ಟು ತಿನ್ನುವುದು ಚರ್ಮದ ಬೆನ್ನಿನ ದೊಡ್ಡ ಆಮೆ. ಅಂಡಮಾನ್ ನಿಕೋಬಾರಿನ ಮರಳಿನಲ್ಲಿ ಮೊಟ್ಟೆಯಿಡುವುದು ಅದೇ. ತೇಲುವ ಪ್ಲಾಸ್ಟಿಕ್ ಚೀಲವನ್ನು ಅಂಬಲಿಮೀನೆಂದು ನುಂಗಿ ಈಗ ಅದು ಸಾಯುತ್ತಿದೆ.

ಅಂಬಲಿಮೀನು ದಂಡೆತ್ತಿ ಬಂದರೆ ಏನಾಗುತ್ತದೆಂಬುದಕ್ಕೆ ಫಿಲಿಪೈನ್ಸ್ ದೇಶದ ಪ್ರಸಂಗವೊಂದಿದೆ. 1999ರ ಡಿಸೆಂಬರ್ 10ರ ರಾತ್ರಿ ಲುಜಾನ್ ದ್ವೀಪದ ಬಹುಭಾಗದಲ್ಲಿ ದೀಪಗಳೆಲ್ಲ ಒಮ್ಮೆಲೇ ಆರಿದವು. ರಾಜಧಾನಿ ಮನಿಲಾ ಕತ್ತಲಲ್ಲಿ ಮುಳುಗಿತು. ಅಧ್ಯಕ್ಷನ ವಿರುದ್ಧ ಸೇನೆ ದಂಗೆಯೆದ್ದಿತೆಂದು ಊರೆಲ್ಲ ಗುಲ್ಲು. ಆದದ್ದು ಇಷ್ಟೇ: ಸುವಾಲ್ ಎಂಬಲ್ಲಿಯ ವಿದ್ಯುತ್ ಕೇಂದ್ರ ಯಂತ್ರಗಳನ್ನು ತಣಿಸಲು ಕಡಲ ನೀರನ್ನು ಹೀರುತ್ತಿತ್ತು, ನೀರಿನೊಡನೆ ಅಂಬಲಿಮೀನುಗಳ ಹಿಂಡೂ ಬಂದು ಕೊಳವೆಯನ್ನು ಕಟ್ಟಿತು. ಸುಮಾರು ಐವತ್ತು ಲಾರಿಗಳಷ್ಟು ಲೋಳೆಯನ್ನು ಎತ್ತಿಹಾಕಬೇಕಾಯಿತು. ನಮ್ಮ ದೇಶದ ಕಲ್ಪಾಕ್ಕಂ ಅಣುವಿದ್ಯುತ್ ಕೇಂದ್ರವೂ ಇದೇ ಅತಿಥಿಗಳನ್ನು ಎದುರಿಸುತ್ತ ಬಂದಿದೆ. ಜಪಾನಿನಲ್ಲಿ ನೊಮುರಾ ಎಂಬ ಜಾತಿ ಆರಡಿ ಅಗಲಕ್ಕೆ ಬೆಳೆದು 200 ಕಿಲೋಗ್ರಾಮಿನವರೆಗೆ ತೂಗುತ್ತದೆ. 2009ರ ನವೆಂಬರಿನಲ್ಲಿ ಇಂಥವುಗಳಿಂದ ತುಂಬಿದ ಬಲೆಯನ್ನು ಎಳೆಯಹೋಗಿ ಹತ್ತು ಟನ್ನಿನ ಮೀನುದೋಣಿಯೇ ಮಗುಚಿತು. ಅದರಲ್ಲಿದ್ದ ಮೂವರನ್ನು ಬೇರೆ ದೋಣಿಯವರು ಎತ್ತಿಕೊಂಡರು.

ಇದಕ್ಕೆಲ್ಲ ಮನುಷ್ಯನೇ ಕಾರಣ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಂಬಲಿಮೀನಿನೊಡನೆ ಒಂದೇ ಆಹಾರಕ್ಕೆ ಪೈಪೋಟಿ ನಡೆಸುವ ಮೀನುಗಳನ್ನು ನಾವು ಬಲೆಯಿಂದ ಬಾಚಿದ್ದೇವೆ. ಹೊಲದ ಗೊಬ್ಬರ ಹೊಳೆಯಿಂದ ಕಡಲಿಗಿಳಿದು ನೀರಿನ ಪ್ರಾಣವಾಯುವನ್ನು ಕುಗ್ಗಿಸಿದಾಗ ಮೀನು ಸಾಯುತ್ತದೆ, ಅಂಬಲಿಮೀನು ತಾಳಿಕೊಳ್ಳುತ್ತದೆ. ಬಂದರಿನ ಕಟ್ಟೆ, ಕಂಬಗಳೆಲ್ಲ ಹೂಜಿಗಳು ಅಂಟುವುದಕ್ಕೆ ಹೊಸ ಬಂಡೆಗಳು. ಆದರೆ ಲೋಕದ ಎಲ್ಲ ಕಡಲುಗಳಲ್ಲಿಯೂ ಇವು ಏರುತ್ತಲೇ ಇವೆ ಎಂದು ಹೇಳಿಬಿಡುವುದು ಆತುರವಾದೀತು. ಹಳೆಯ ದಾಖಲೆಗಳನ್ನು ಕೂಡಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಒಂದು ತಾಳವನ್ನು ಕಂಡಿತು. ಏರಿದಾಗ ಪತ್ರಿಕೆಗಳು ಬರೆಯುತ್ತವೆ, ಇಳಿದಾಗ ಸುಮ್ಮನಿರುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು.

ಈಗ ಪ್ಲಿನಿಯ ಪಂಜಿನ ಮಾತು. 1945ರ ಆಗಸ್ಟ್ 9ರಂದು ಜಪಾನಿನ ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ, ಅಲ್ಲಿಂದ ಕೆಲವು ಮೈಲಿ ದೂರದ ಇಸಹಾಯಾ ಎಂಬಲ್ಲಿ ಒಸಾಮು ಶಿಮೊಮುರಾ ಎಂಬ ಹದಿನಾರರ ಹುಡುಗ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದನು. ಬೆಳಕಿನ ಹೊಡೆತಕ್ಕೆ ಕೆಲವು ಕ್ಷಣ ಕಣ್ಣು ಕಾಣದಾಯಿತು. ಮನೆಗೆ ನಡೆದುಹೋಗುವಾಗ ಕಪ್ಪು ಮಳೆ ಸುರಿದು ಬಿಳಿಯ ಅಂಗಿ ಬೂದಿಬಣ್ಣಕ್ಕೆ ತಿರುಗಿತು. ಮನೆ ತಲುಪಿದೊಡನೆ ಅಜ್ಜಿ ಸ್ನಾನ ಮಾಡಿಸಿದಳು. ಆ ಸ್ನಾನವೇ ತನ್ನನ್ನು ಉಳಿಸಿರಬಹುದೆಂದು ಆತ ಮುಂದೆ ಹೇಳಿದ್ದುಂಟು. ಈ ಹುಡುಗ ರಸಾಯನಶಾಸ್ತ್ರ ಓದಿ, ಬೆಳಗುವ ಪ್ರಾಣಿಗಳ ಬೆಳಕಿನ ಮೂಲವನ್ನು ಹುಡುಕುವವನಾದನು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಫ್ರ್ಯಾಂಕ್ ಜಾನ್‌ಸನ್ ಅವನನ್ನು ಕರೆಸಿಕೊಂಡನು. 1961ರ ಬೇಸಗೆಯಲ್ಲಿ ಅವರು ಕಾರಿನಲ್ಲಿ ಖಂಡವನ್ನೇ ದಾಟಿ ಪಶ್ಚಿಮ ತೀರದ ಫ್ರೈಡೇ ಹಾರ್ಬರ್ ಎಂಬಲ್ಲಿಗೆ ಹೋದರು. ಅಲ್ಲಿಯ ನೀರಿನಲ್ಲಿ, ಕೊಡೆಯ ಅಂಚಿನಲ್ಲಿ ಹಸಿರು ಬೆಳಕನ್ನು ಸೂಸುವ ಈಕೋರಿಯಾ ಎಂಬ ಅಂಬಲಿಮೀನು ಹೊಳೆಯಂತೆ ಹರಿದುಬರುತ್ತಿತ್ತು. (ನಮ್ಮ ಕರಾವಳಿಯಲ್ಲಿ 2020ರ ನವೆಂಬರಿನಲ್ಲಿ ಜನ ಗುಂಪುಗೂಡಿ ನೋಡಿದ ನೀಲಿ ಅಲೆಗಳು ಬೇರೆ, ಅವು ನಾಕ್ಟಿಲುಕಾ ಎಂಬ ಒಂಟಿಕೋಶದ ಜೀವಿಗಳ ಬೆಳಕು.)

ಕಟ್ಟೆಯ ಮೇಲೆ ನಿಂತು ಸಣ್ಣ ಕೈಬಲೆಯಿಂದ ಎತ್ತುವುದು, ಕತ್ತರಿಯಿಂದ ಅಂಚನ್ನು ಕತ್ತರಿಸುವುದು, ಬಟ್ಟೆಯಲ್ಲಿ ಹಿಂಡುವುದು. ದಿನವೆಲ್ಲ ಇದೇ ಕೆಲಸ. ಆದರೆ ಬೆಳಕಿನ ವಸ್ತು ಕೈಗೆ ಬರಲೊಲ್ಲದು. ಹಿಂಡಿದ ರಸದಲ್ಲಿ ಬೆಳಕು ಉರಿದು ಮುಗಿದುಹೋಗುತ್ತಿತ್ತು. ಶಿಮೊಮುರಾ ಪುಟ್ಟ ದೋಣಿಯಲ್ಲಿ ಕುಳಿತು ಹುಟ್ಟು ಹಾಕದೆ ತೇಲುತ್ತ ಯೋಚಿಸಿದನು. ಒಂದು ದಿನ ಹೊಳೆಯಿತು: ರಸವನ್ನು ಹುಳಿಮಾಡಿದರೆ ಬೆಳಗುವುದು ನಿಲ್ಲಬೇಕು. ನಿಂತಿತು. ಹುಳಿಯನ್ನು ಮುರಿದು ನೋಡಿದನು, ಮಂಕಾಗಿ ಬೆಳಗಿತು. ಕೆಲಸ ಮುಗಿಸಿ ರಸವನ್ನು ತೊಟ್ಟಿಗೆ ಚೆಲ್ಲಿದನು. ತೊಟ್ಟಿಯೊಳಗೆ ಕಣ್ಣು ಕೋರೈಸುವ ನೀಲಿ ಮಿಂಚು! ತೊಟ್ಟಿಗೆ ಪಕ್ಕದ ಮೀನಿನ ಪೆಟ್ಟಿಗೆಯಿಂದ ಕಡಲ ನೀರು ಹರಿದುಬರುತ್ತಿತ್ತು. ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ, ಅಂದರೆ ನಮ್ಮ ಮೂಳೆಯಲ್ಲಿಯೂ ಸುಣ್ಣದಲ್ಲಿಯೂ ಇರುವ ಧಾತು, ಆ ಬೆಳಕಿನ ಬೀಗದ ಕೈ. ಸುಮಾರು ಹತ್ತು ಸಾವಿರ ಅಂಬಲಿಮೀನುಗಳಿಂದ ಕೊನೆಗೆ ದೊರೆತ ಶುದ್ಧ ವಸ್ತು ಐದು ಮಿಲಿಗ್ರಾಮು, ಒಂದು ಚಿಟಿಕೆಗೂ ಸಾಲದು. ಅದಕ್ಕೆ ಈಕೋರಿನ್ ಎಂದು ಹೆಸರಿಟ್ಟರು. ಅದರ ಜೊತೆಗೆ ಇನ್ನೊಂದು ಹಸಿರು ಪ್ರೋಟೀನೂ ತುಸು ಸಿಕ್ಕಿತು. ನೀಲಿ ಬೆಳಕನ್ನು ನುಂಗಿ ಹಸಿರಾಗಿ ಉಗುಳುವುದು ಅದರ ಗುಣ. ಅದನ್ನೂ ಎತ್ತಿಟ್ಟರು.

ಆ ಎತ್ತಿಟ್ಟದ್ದೇ ಮುಂದೆ ನಿಧಿಯಾಯಿತು. 1992ರಲ್ಲಿ ಡಗ್ಲಸ್ ಪ್ರೇಷರ್ ಎಂಬ ವಿಜ್ಞಾನಿ ಆ ಹಸಿರು ಪ್ರೋಟೀನಿನ ಜೀನನ್ನು ಬಿಡಿಸಿ ತೆಗೆದನು. ಮುಂದಿನ ಕೆಲಸಕ್ಕೆ ಹಣ ಸಿಗದೆ, ಕೇಳಿದವರಿಗೆ ಜೀನನ್ನು ಹಂಚಿ ಕೈಬಿಟ್ಟನು. ಕೇಳಿದವರಲ್ಲಿ ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಒಂದು ಹುಳುವಿನ ನರಕೋಶಗಳಲ್ಲಿ ಸೇರಿಸಿ ಅವು ಜೀವಂತವಾಗಿ ಹಸಿರು ಹೊಳೆಯುವಂತೆ ಮಾಡಿದನು. ರೋಜರ್ ತ್ಸಿಯೆನ್ ಅದರಿಂದ ಬೇರೆ ಬೇರೆ ಬಣ್ಣಗಳನ್ನು ಹೊರಡಿಸಿದನು. ಅರ್ಬುದದ ಕೋಶ ದೇಹದಲ್ಲಿ ಎತ್ತ ಸರಿಯುತ್ತದೆ, ನರ ಹೇಗೆ ಕವಲೊಡೆಯುತ್ತದೆ ಎಂಬುದನ್ನು ಪ್ರಾಣಿಯನ್ನು ಸೀಳದೆ ಕಣ್ಣಾರೆ ಕಾಣುವುದು ಇದರಿಂದ ಸಾಧ್ಯವಾಯಿತು. 2008ರ ನೊಬೆಲ್ ಪಾರಿತೋಷಕ ಶಿಮೊಮುರಾ, ಚಾಲ್ಫಿ, ತ್ಸಿಯೆನ್ ಮೂವರಿಗೆ ಸಂದಿತು. ಪ್ರೇಷರ್ ಆಗ ಅಲಬಾಮಾ ಸಂಸ್ಥಾನದಲ್ಲಿ ಒಂದು ಮೋಟಾರು ಅಂಗಡಿಯ ಗಿರಾಕಿಗಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಚಾಲಕನಾಗಿದ್ದನು. ಚಾಲ್ಫಿಯೂ ತ್ಸಿಯೆನ್‌ನೂ ತಮ್ಮ ಖರ್ಚಿನಲ್ಲಿ ಆತನನ್ನೂ ಆತನ ಹೆಂಡತಿಯನ್ನೂ ಸ್ಟಾಕ್‌ಹೋಮಿನ ಸಮಾರಂಭಕ್ಕೆ ಕರೆಸಿಕೊಂಡರು. ಆತ ಮುಂದೆ ವಿಜ್ಞಾನಕ್ಕೆ ಮರಳಿದನು.

ಶಿಮೊಮುರಾ 2018ರಲ್ಲಿ ತೀರಿಕೊಂಡನು. ಬೇಸಗೆ ಬೇಸಗೆಯೂ ಹೆಂಡತಿ ಮಕ್ಕಳೊಡನೆ ಫ್ರೈಡೇ ಹಾರ್ಬರಿನ ಕಟ್ಟೆಯ ಮೇಲೆ ನಿಂತು ಆತನೂ ಸಂಗಡಿಗರೂ ಎತ್ತಿದ ಅಂಬಲಿಮೀನುಗಳ ಲೆಕ್ಕ ಸುಮಾರು ಎಂಟೂವರೆ ಲಕ್ಷ. 1990ರ ನಂತರ ಆ ನೀರಿನಲ್ಲಿ ಈಕೋರಿಯಾದ ಹಿಂಡುಗಳು ಮೊದಲಿನಂತೆ ಬರಲಿಲ್ಲ. ಆದರೆ ಅದರ ಹಸಿರು ಪ್ರೋಟೀನಿಗೆ ಈಗ ಕಡಲಿಗೆ ಹೋಗಬೇಕಾಗಿಲ್ಲ. ಆ ಜೀನನ್ನು ಹೊತ್ತ ಸೂಕ್ಷ್ಮಜೀವಿಗಳೇ ಪ್ರಯೋಗಶಾಲೆಯ ಸೀಸೆಗಳಲ್ಲಿ ಅದನ್ನು ತಯಾರಿಸುತ್ತಿವೆ.